ನೀರಿನ ಮರಿ ನೆಲಕ್ಕೆ ಬರುವ ತನಕ: ಮನೆಯ ತೊಟ್ಟಿಯಲ್ಲಿ ನ್ಯೂಟ್ ಮರಿಗಳನ್ನು ಬೆಳೆಸುವುದು ಹೇಗೆ?

ಜಪಾನಿನಲ್ಲೋ ಜರ್ಮನಿಯಲ್ಲೋ ಇರುವ ಕನ್ನಡಿಗರ ಮನೆಗಳಲ್ಲಿ ಹೀಗಾಗುವುದುಂಟು. ಮಕ್ಕಳು ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ನ್ಯೂಟ್‌ನ ನೆಂಟ ಆಕ್ಸೊಲಾಟಲ್ ನೋಡಿರುತ್ತಾರೆ. 2021ರಲ್ಲಿ ಆ ಪ್ರಾಣಿ ಆಟದೊಳಗೆ ಬಂದಾಗಿನಿಂದ ಬಾಲವಿರುವ ಈ ವಿಚಿತ್ರ ಜೀವಿಗಳ ಮೇಲೆ ಅವರಿಗೆ ಒಂಥರಾ ಹುಚ್ಚು. ಹಟ ಮಾಡಿ ಅಂಗಡಿಯಿಂದ ಒಂದೆರಡು ನ್ಯೂಟ್ ತರಿಸುತ್ತಾರೆ. ಚಳಿಗಾಲ ಮುಗಿಯುತ್ತಿದ್ದಂತೆ ತೊಟ್ಟಿಯ ಗಿಡದ ಎಲೆಗಳು ಅಲ್ಲಲ್ಲಿ ಮಡಚಿಕೊಂಡಿರುತ್ತವೆ. ಬಿಡಿಸಿ ನೋಡಿದರೆ ಒಳಗೆ ಲೋಳೆ ಸುತ್ತಿದ ಒಂದೊಂದೇ ಮೊಟ್ಟೆ. ಈಗ ಏನು ಮಾಡಬೇಕು?

ಮೀನು ಸಾಕಿದ ಅನುಭವ ಇಲ್ಲಿ ಅರ್ಧ ದಾರಿವರೆಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಮೀನಿನ ಮರಿ ಬೆಳೆದು ಮೀನೇ ಆಗುತ್ತದೆ. ನ್ಯೂಟ್ ಮರಿ ಮಾತ್ರ ಕೆಲವು ತಿಂಗಳು ನೀರಿನಲ್ಲಿ ಉಸಿರಾಡಿ, ಆಮೇಲೆ ದೇಹವನ್ನೇ ಬದಲಿಸಿಕೊಂಡು ನೆಲಕ್ಕೆ ಹತ್ತುತ್ತದೆ. ನೀರಿನಲ್ಲಿ ಅದು ಎಷ್ಟು ತಿಂದು ಎಷ್ಟು ಬೆಳೆದಿತ್ತು ಅನ್ನುವುದರ ಮೇಲೆ ನೆಲದ ಮೇಲೆ ಬದುಕುತ್ತದೋ ಇಲ್ಲವೋ ಅನ್ನುವುದು ನಿಂತಿರುತ್ತದೆ.

## ನ್ಯೂಟ್ ಅಂದರೆ ಯಾವ ಪ್ರಾಣಿ?

ನೋಡಲು ಹಲ್ಲಿಯ ಹಾಗೆ. ಆದರೆ ಹಲ್ಲಿಗೂ ಇದಕ್ಕೂ ನಂಟಿಲ್ಲ. ಇದು ಕಪ್ಪೆಯ ಸಂಬಂಧಿ, ಅಂದರೆ ಉಭಯಚರ. ಹಲ್ಲಿಗಿರುವ ಹುರುಪೆ ಇದರ ಮೈಮೇಲಿಲ್ಲ. ತೆಳುವಾದ ಚರ್ಮ, ಅದರ ಮೂಲಕವೂ ಉಸಿರಾಟ ನಡೆಯುತ್ತದೆ. ಹಾಗಾಗಿ ಮೈ ಒಣಗಬಾರದು, ನೀರು ಕೊಳೆಯಬಾರದು.

ಉಭಯಚರಗಳಲ್ಲಿ ಮೂರು ಗುಂಪು. ಬಾಲವಿಲ್ಲದ ಕಪ್ಪೆಗಳದು ಒಂದು. ಕಾಲಿಲ್ಲದೆ ಮಣ್ಣಿನೊಳಗೆ ಬದುಕುವ ಸಿಸಿಲಿಯನ್‌ಗಳದು ಇನ್ನೊಂದು. ಬಾಲವಿರುವ ಸಾಲಮಾಂಡರ್‌ಗಳದು ಮೂರನೆಯದು. ನ್ಯೂಟ್ ಈ ಮೂರನೆಯ ಗುಂಪಿನ ಒಂದು ಕವಲು. ನಮ್ಮ ಪಶ್ಚಿಮ ಘಟ್ಟದಲ್ಲಿ ಮೊದಲ ಎರಡು ಗುಂಪುಗಳು ಬೇಕಾದಷ್ಟಿವೆ, ಮೂರನೆಯದು ಇಲ್ಲವೇ ಇಲ್ಲ. ಕರ್ನಾಟಕದಲ್ಲೇ ಇದ್ದವರು ನ್ಯೂಟ್ ನೋಡಿಲ್ಲ ಅಂದರೆ ಆಶ್ಚರ್ಯವಿಲ್ಲ. ಭಾರತದಲ್ಲಿ ಇವು ಸಿಗುವುದು ಡಾರ್ಜಿಲಿಂಗ್, ಸಿಕ್ಕಿಂ, ಅರುಣಾಚಲ, ಮಣಿಪುರದ ಕಡೆ. ಡಾರ್ಜಿಲಿಂಗ್ ಜಿಲ್ಲೆಯ ಜೋರ್‌ಪೋಖ್ರಿಯಲ್ಲಿ ಅವುಗಳಿಗೆಂದೇ ಒಂದು ಅಭಯಾರಣ್ಯ ಇದೆ.

ಈ ಲೇಖನಕ್ಕೆ ಉದಾಹರಣೆಯಾಗಿ ಜಪಾನಿನ ಕೆಂಪು ಹೊಟ್ಟೆಯ ನ್ಯೂಟ್ ತೆಗೆದುಕೊಳ್ಳೋಣ. ಹೊನ್ಶು, ಶಿಕೊಕು, ಕ್ಯೂಶು ದ್ವೀಪಗಳ ಭತ್ತದ ಗದ್ದೆ, ಕಾಲುವೆ, ಕೆರೆಗಳಲ್ಲಿ ಬದುಕುವ ಪ್ರಾಣಿ ಇದು. ಬೆನ್ನು ಕಪ್ಪು, ಹೊಟ್ಟೆ ಕೆಂಪು. ಇದು 1994ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಬಾಹ್ಯಾಕಾಶಕ್ಕೂ ಹೋಗಿ ಅಲ್ಲಿ ಮೊಟ್ಟೆ ಇಟ್ಟಿದೆ. ಮನೆಯ ತೊಟ್ಟಿಯಲ್ಲಿ ಇಡುವುದು ಅದಕ್ಕೊಂದು ದೊಡ್ಡ ವಿಷಯವೇ ಅಲ್ಲ.

## ಎಲೆಯಲ್ಲಿ ಸುತ್ತಿದ ಮೊಟ್ಟೆ

ಕಪ್ಪೆ ಒಂದೇ ಸಲ ರಾಶಿ ಮೊಟ್ಟೆ ಇಟ್ಟು ಹೋಗುತ್ತದೆ. ನ್ಯೂಟ್‌ಗೆ ಅಷ್ಟು ಅವಸರವಿಲ್ಲ. ಹೆಣ್ಣು ಒಂದು ಎಲೆಯನ್ನು ಮೂಸುತ್ತದೆ, ಹಿಂಗಾಲುಗಳಿಂದ ಅದನ್ನು ಹೊಟ್ಟೆಯ ಕಡೆ ಎಳೆದು ಮಡಚುತ್ತದೆ. ಮಡಿಕೆಯೊಳಗೆ ಒಂದೇ ಒಂದು ಮೊಟ್ಟೆ ಇಟ್ಟು ಸ್ವಲ್ಪ ಹೊತ್ತು ಒತ್ತಿ ಹಿಡಿಯುತ್ತದೆ. ಲೋಳೆ ಅಂಟಿಕೊಂಡು ಎಲೆ ಹಾಗೇ ನಿಲ್ಲುತ್ತದೆ. ಆಮೇಲೆ ಇನ್ನೊಂದು ಎಲೆ. ಹೀಗೆ ವಾರಗಟ್ಟಲೆ ನಡೆದು, ಒಂದು ಋತುವಿನಲ್ಲಿ ನೂರಕ್ಕೂ ಜಾಸ್ತಿ ಮೊಟ್ಟೆ ಆಗಬಹುದು.

"ತೊಟ್ಟಿಯಲ್ಲಿ ಗಂಡೇ ಇಲ್ಲ, ಮೊಟ್ಟೆ ಎಲ್ಲಿಂದ ಬಂತು?" ಎಂದು ಕೇಳುವವರಿದ್ದಾರೆ. ಹೆಣ್ಣು ನ್ಯೂಟ್ ವೀರ್ಯವನ್ನು ತನ್ನ ಮೈಯಲ್ಲೇ ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳಬಲ್ಲದು. ಅಂಗಡಿಯಲ್ಲಿದ್ದಾಗಲೇ ಜೋಡಿಯಾಗಿದ್ದರೆ ನಿಮ್ಮ ಮನೆಗೆ ಬಂದ ಮೇಲೆ ಮೊಟ್ಟೆ ಇಡಬಹುದು.

ಅದೇ ತೊಟ್ಟಿಯಲ್ಲಿ ಬಿಟ್ಟರೆ ಮೊಟ್ಟೆಗಳನ್ನು ಇಟ್ಟವೇ ತಿಂದುಬಿಡುತ್ತವೆ. ಎಲೆಯ ಸಮೇತ ಕತ್ತರಿಸಿ ಬೇರೆ ಡಬ್ಬಿಗೆ ಹಾಕುವುದು ರೂಢಿ. 20 ಡಿಗ್ರಿ ಆಸುಪಾಸಿನ ನೀರಿನಲ್ಲಿ ಸುಮಾರು ಎರಡು ಮೂರು ವಾರಕ್ಕೆ ಮರಿ ಹೊರಬರುತ್ತದೆ. ನೀರು ತಣ್ಣಗಿದ್ದಷ್ಟೂ ತಡ. ಬಿಳಿಯಾಗಿ ಹತ್ತಿಯಂಥ ಬೂಸ್ಟು ಹಿಡಿದ ಮೊಟ್ಟೆ ಸತ್ತಿದೆ ಎಂದರ್ಥ. ಬೂಸ್ಟು ಪಕ್ಕದವಕ್ಕೆ ಹಬ್ಬುವ ಮೊದಲು ಅದನ್ನು ತೆಗೆದುಬಿಡಬೇಕು.

ಯುರೋಪಿನ ಜುಟ್ಟಿನ ನ್ಯೂಟ್ ಮತ್ತು ಅದರ ಹತ್ತಿರದ ಬಳಗದಲ್ಲಿ ಒಂದು ವಿಶೇಷ ಇದೆ. ಅವುಗಳ ಮೊಟ್ಟೆಯಲ್ಲಿ ಸರಿಯಾಗಿ ಅರ್ಧದಷ್ಟು ಸತ್ತೇ ಹೋಗುತ್ತವೆ. ಒಂದನೇ ವರ್ಣತಂತುವಿಗೆ ಅಲ್ಲಿ ಎರಡು ಬಗೆ, ಮರಿಗೆ ಎರಡೂ ಬಗೆ ಒಂದೊಂದು ಸಿಕ್ಕರೆ ಮಾತ್ರ ಬದುಕು. ಒಂದೇ ಬಗೆಯವು ಎರಡು ಸಿಕ್ಕಿದ ಭ್ರೂಣ ಬೆಳೆಯುವುದಿಲ್ಲ. ಸಾಕುವವರ ತಪ್ಪು ಅದರಲ್ಲಿ ಏನೂ ಇಲ್ಲ. ಜಪಾನಿನ ನ್ಯೂಟ್‌ಗೆ ಈ ತೊಂದರೆ ಇಲ್ಲ.

## ಮೊದಲ ಊಟ: ಇಲ್ಲೇ ಜಾಸ್ತಿ ಸಾಯುವುದು

ಮೊಟ್ಟೆಯಿಂದ ಬಂದ ಮರಿ ಸುಮಾರು ಒಂದು ಸೆಂಟಿಮೀಟರ್ ಉದ್ದ. ಕುತ್ತಿಗೆಯ ಎರಡೂ ಕಡೆ ಗರಿಯಂಥ ಕಿವಿರು. ಕೆನ್ನೆಯ ಪಕ್ಕ ಕಡ್ಡಿಯಂಥ ಎರಡು ಸಣ್ಣ ಊರುಗೋಲು, ತಳದಲ್ಲಿ ಪಕ್ಕಕ್ಕೆ ವಾಲದೆ ಕೂರಲು. ಮುಂಗಾಲು ಗಟ್ಟಿಯಾದ ಮೇಲೆ ಈ ಊರುಗೋಲು ಮಾಯವಾಗುತ್ತದೆ. ಗೊದಮೊಟ್ಟೆಗೆ ಹಿಂಗಾಲು ಮೊದಲು ಕಾಣುತ್ತದೆ, ನ್ಯೂಟ್ ಮರಿಗೆ ಮುಂಗಾಲು ಮೊದಲು.

ಇನ್ನೂ ದೊಡ್ಡ ವ್ಯತ್ಯಾಸ ಹೊಟ್ಟೆಯದು. ಕಪ್ಪೆಯ ಗೊದಮೊಟ್ಟೆಗಳು ಹೆಚ್ಚಾಗಿ ಪಾಚಿ ಕೆರೆದು ತಿನ್ನುತ್ತವೆ. ಬೇಯಿಸಿದ ಸೊಪ್ಪು ಹಾಕಿದರೂ ನಡೆಯುತ್ತದೆ. ನ್ಯೂಟ್ ಮರಿ ಹುಟ್ಟಿದ ದಿನದಿಂದಲೇ ಮಾಂಸಾಹಾರಿ. ಅದೂ ಎಂಥದ್ದು? ಕಣ್ಣೆದುರು ಅಲುಗಾಡುವುದನ್ನು ಮಾತ್ರ ಅದು ಆಹಾರ ಎಂದು ಗುರುತಿಸುತ್ತದೆ. ಮೀನಿನ ಪುಡಿ ಹಾಕಿದರೆ ಮುಟ್ಟುವುದಿಲ್ಲ. ಪುಡಿ ತಳದಲ್ಲಿ ಕೊಳೆತು ನೀರು ಕೆಡುತ್ತದೆ, ಮರಿ ಉಪವಾಸದಿಂದ ಸಾಯುತ್ತದೆ. ಮೊದಲ ಸಲ ಸಾಕುವವರ ತೊಟ್ಟಿ ಖಾಲಿಯಾಗುವುದು ಸಾಮಾನ್ಯವಾಗಿ ಹೀಗೆ.

ಹಾಗಾಗಿ ಮರಿ ಸಾಕುವ ಮೊದಲು ಅದರ ಊಟ ಸಾಕಲು ಕಲಿಯಬೇಕು. ಮೊದಲ ಕೆಲವು ದಿನ ಹೊಟ್ಟೆಯಲ್ಲಿ ಉಳಿದ ಭಂಡಾರದಿಂದಲೇ ಮರಿ ಬದುಕುತ್ತದೆ. ಅಷ್ಟರಲ್ಲಿ ತಯಾರಾಗಬೇಕಾದದ್ದು ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟಾಣಿ ಸಿಗಡಿ. ಅಕ್ವೇರಿಯಂ ಅಂಗಡಿಗಳಲ್ಲಿ ಇದರ ಒಣ ಮೊಟ್ಟೆ ಕಂದು ಪುಡಿಯ ರೂಪದಲ್ಲಿ ಸಿಗುತ್ತದೆ. ಲೀಟರ್ ನೀರಿಗೆ ಸುಮಾರು 25 ಗ್ರಾಂ ಉಪ್ಪು ಹಾಕಿ, ಒಂದು ಚಿಟಿಕೆ ಪುಡಿ ಸೇರಿಸಿ, ಏರ್ ಪಂಪಿನ ಕೊಳವೆ ಇಳಿಬಿಟ್ಟು, 26ರಿಂದ 28 ಡಿಗ್ರಿ ಬಿಸಿಯಲ್ಲಿ ಇಟ್ಟರೆ ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಮರಿಗಳು ಹೊರಡುತ್ತವೆ. ಪಂಪ್ ನಿಲ್ಲಿಸಿ, ಬಾಟಲಿಯ ಕೆಳಬದಿಗೆ ಟಾರ್ಚ್ ಹಿಡಿಯಿರಿ. ಖಾಲಿ ಸಿಪ್ಪೆ ಮೇಲೆ ತೇಲುತ್ತದೆ, ಜೀವಂತ ಮರಿಗಳು ಬೆಳಕಿನ ಕಡೆ ಬಂದು ಸೇರುತ್ತವೆ. ಅವುಗಳನ್ನು ಎಳೆದುಕೊಂಡು, ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಬೇಕು.

ಹಾಕಿದ ಮೇಲೆ ಒಂದು ಮರಿಯನ್ನು ಸುಮ್ನೆ ನೋಡುತ್ತಾ ಕೂತುಕೊಳ್ಳಿ. ಮೊದಲು ಅಲುಗಾಡದೆ ಬಿದ್ದಿರುತ್ತದೆ. ಕಿತ್ತಳೆ ಚುಕ್ಕೆಯೊಂದು ಮೂಗಿನ ಮುಂದೆ ಕುಪ್ಪಳಿಸಿದಾಗ ತಲೆ ಒಂದಿಷ್ಟು ಓರೆಯಾಗುತ್ತದೆ. ಆಮೇಲೆ ಚುಕ್ಕೆ ಅಲ್ಲಿರುವುದಿಲ್ಲ. ಬಾಯಿ ತೆರೆದ ರಭಸಕ್ಕೆ ನೀರಿನ ಜತೆ ಅದು ಒಳಗೆ ಹೋಗಿರುತ್ತದೆ. ಮರಿಯ ಚರ್ಮ ಪಾರದರ್ಶಕ. ಅರ್ಧ ಗಂಟೆ ಬಿಟ್ಟು ನೋಡಿದರೆ ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಯಾವುದು ತಿಂದಿದೆ, ಯಾವುದು ತಿಂದಿಲ್ಲ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಉಪ್ಪುನೀರಿನ ಈ ಸಿಗಡಿ ಸಿಹಿನೀರಿನಲ್ಲಿ ಕೆಲವು ಗಂಟೆ ಮಾತ್ರ ಬದುಕುತ್ತದೆ. ಸತ್ತದ್ದನ್ನು ಹಾಗೇ ಬಿಟ್ಟರೆ ನೀರು ಹಾಳು. ದಿನಾ ಫಿಲ್ಲರ್‌ನಿಂದ ತಳದ ಕಸ ಎಳೆದು ತೆಗೆಯುವುದು ಬೇಜಾರಿನ ಕೆಲಸ, ಆದರೆ ಅದಕ್ಕೆ ಅಡ್ಡದಾರಿ ಇಲ್ಲ. ಸಿಹಿನೀರಿನ ಡಾಫ್ನಿಯಾ ಎಂಬ ಪುಟಾಣಿ ಜೀವಿ ಸಿಕ್ಕರೆ ಒಳ್ಳೆಯದು, ಮರಿ ತಿನ್ನುವ ತನಕ ಅವು ತೊಟ್ಟಿಯಲ್ಲೇ ಈಜಾಡಿಕೊಂಡಿರುತ್ತವೆ. ಮರಿ ದೊಡ್ಡದಾದಂತೆ ಸಣ್ಣಗೆ ಹೆಚ್ಚಿದ ನೀರುಹುಳು, ಎರೆಹುಳು ಕೊಡಬಹುದು. ಆ ಹೊತ್ತಿಗೆ ಕೆಲವು ಮರಿಗಳು ಚಿಮಟದ ತುದಿಯಲ್ಲಿ ಅಲುಗಿಸಿದ ಸತ್ತ ಹುಳುವನ್ನೂ ಕಚ್ಚಲು ಕಲಿತಿರುತ್ತವೆ.

## ನೀರು ಯಾಕೆ ಕೆಡುತ್ತದೆ?

ನೀರಿನಲ್ಲಿ ಬದುಕುವ ಪ್ರಾಣಿಗಳು ತಿಂದ ಮೇಲೆ ಹೆಚ್ಚಾಗಿ ಅಮೋನಿಯಾ ಹೊರಹಾಕುತ್ತವೆ. ಅದು ವಿಷ. ಹಳೆಯ ತೊಟ್ಟಿಯಲ್ಲಿ ಇರುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ, ಇದರ ಹಾನಿ ಅಷ್ಟಿಲ್ಲ. ನೀರು ಬದಲಿಸಿದಾಗ ಹೊರಗೆ ಹೋಗುತ್ತದೆ.

ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಇರುವುದಿಲ್ಲ. ಅವು ತಾವಾಗಿ ಬೆಳೆಯಲು ವಾರಗಳು ಬೇಕು. ಅದಕ್ಕೇ ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯಿಂದ ಒಂದು ಹಳೆಯ ಸ್ಪಾಂಜ್ ಫಿಲ್ಟರ್ ತಂದು ಹೊಸದರಲ್ಲಿ ಇಡುತ್ತಾರೆ. ಹಾಲಿಗೆ ಹೆಪ್ಪು ಹಾಕುವುದಿಲ್ಲವಾ, ಹಾಗೆಯೇ. ಹೆಪ್ಪು ಒಳ್ಳೆಯದಿದ್ದರೆ ಉಳಿದದ್ದು ತಾನಾಗಿ ಆಗುತ್ತದೆ. ಆ ಸ್ಪಾಂಜನ್ನು ನಲ್ಲಿ ನೀರಿನಲ್ಲಿ ತೊಳೆದರೆ ಕ್ಲೋರಿನ್ ತಾಗಿ ಬ್ಯಾಕ್ಟೀರಿಯಾ ಸಾಯುತ್ತದೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಬೇಕು.

ಸ್ಪಾಂಜ್ ಫಿಲ್ಟರೇ ಯಾಕೆ? ಮೋಟಾರಿನ ಫಿಲ್ಟರ್ ಸಣ್ಣ ಮರಿಗಳನ್ನೂ ಅವುಗಳ ಊಟವನ್ನೂ ಒಳಗೆ ಎಳೆದುಕೊಳ್ಳುತ್ತದೆ. ತೀರಾ ಎಳೆಯ ಮರಿಗಳಿಗೆ ಕೆಲವರು ಫಿಲ್ಟರನ್ನೇ ಇಡುವುದಿಲ್ಲ. ಅಗಲವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೆಲವು ಸೆಂಟಿಮೀಟರ್ ನೀರು ಹಾಕಿ, ದಿನಾ ಒಂದಿಷ್ಟು ಬದಲಿಸುತ್ತಾರೆ. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕೆಲವು ಊರುಗಳಲ್ಲಿ ಕ್ಲೋರಮೈನ್ ಬಳಸುತ್ತಾರೆ, ಅದು ಹಾಗೆ ಹೋಗುವುದಿಲ್ಲ. ಅದಕ್ಕೆ ಅಂಗಡಿಯಲ್ಲಿ ಸಿಗುವ ದ್ರಾವಣ ಬೇಕು.

ಇನ್ನು ತಂಪು. 18ರಿಂದ 20 ಡಿಗ್ರಿ ಇದ್ದರೆ ಹಿತ. ನೀರು ಬಿಸಿಯಾದರೆ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಕೊಳೆಯುವುದು ಜೋರಾಗುತ್ತದೆ. ಜತೆಗೆ ಮರಿ ಬೇಗ ರೂಪಾಂತರವಾಗುತ್ತದೆ. ಬೇಗ ಆದರೆ ಒಳ್ಳೆಯದಲ್ವಾ ಅನ್ನಿಸಬಹುದು. ಇಲ್ಲ. ಬೇಗ ಆದ ಮರಿ ಚಿಕ್ಕದಾಗಿರುತ್ತದೆ, ಬಾಯಿಯೂ ಚಿಕ್ಕದು. ನೆಲಕ್ಕೆ ಹೋದಾಗ ಅದಕ್ಕೆ ಹಿಡಿಸುವಷ್ಟು ಸಣ್ಣ ಹುಳು ಹುಡುಕುವುದು ಕಷ್ಟ.

## ತಮ್ಮೊಳಗೇ ಕಚ್ಚಾಟ

ಹಸಿದ ಮರಿಗೆ ಪಕ್ಕದ ಮರಿಯ ಕಾಲೂ ಒಂದೇ, ಹುಳುವೂ ಒಂದೇ. ಅಲುಗಿತು ಅಂದರೆ ಕಚ್ಚಿತು. ಕಿವಿರಿನ ತುದಿ, ಪಾದ, ಬಾಲದ ಚೂರು ಹೋಗುತ್ತವೆ. ಪುಣ್ಯಕ್ಕೆ ಇವೆಲ್ಲ ಮತ್ತೆ ಬೆಳೆಯುತ್ತವೆ. ನ್ಯೂಟ್‌ಗಳು ಕಳೆದುಹೋದ ಕಾಲನ್ನು ಮೂಳೆ ಸಮೇತ, ಕಣ್ಣಿನ ಮಸೂರವನ್ನು ಕೂಡ, ಮತ್ತೆ ಬೆಳೆಸಿಕೊಳ್ಳಬಲ್ಲವು. ಪ್ರಯೋಗಾಲಯಗಳಲ್ಲಿ ಇವುಗಳಿಗೆ ಅಷ್ಟು ಬೆಲೆ ಇರುವುದು ಅದಕ್ಕೇ. ಆದರೂ ತೀರಾ ಸಣ್ಣದನ್ನು ದೊಡ್ಡದು ಇಡಿಯಾಗಿ ನುಂಗಿದರೆ ಮತ್ತೆ ಬೆಳೆಯಲು ಏನೂ ಉಳಿದಿರುವುದಿಲ್ಲ. ಗಾತ್ರ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕಿ, ಅಡಗಿಕೊಳ್ಳಲು ದಟ್ಟವಾಗಿ ಗಿಡ ಬಿಡಿ, ಹೊಟ್ಟೆ ತುಂಬಿಸಿ.

## ರೂಪಾಂತರ: ಮೈಯೊಳಗೆ ಏನು ನಡೆಯುತ್ತದೆ?

ಕೆಲವು ತಿಂಗಳಲ್ಲಿ ಒಂದು ದಿನ ಮರಿಯ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಜೋರಾಗಿ ಕೆಲಸ ಶುರು ಮಾಡುತ್ತದೆ. ನಮ್ಮ ಕುತ್ತಿಗೆಯಲ್ಲೂ ಇರುವ ಅದೇ ಗ್ರಂಥಿ. ಥೈರಾಯ್ಡ್ ಮಾತ್ರೆ ನುಂಗುವವರು ನಮ್ಮಲ್ಲಿ ಮನೆಗೊಬ್ಬರಾದರೂ ಇರುತ್ತಾರೆ. ಆ ಮಾತ್ರೆಯಲ್ಲಿರುವ ಥೈರಾಕ್ಸಿನ್ ಹಾರ್ಮೋನೇ ಇಲ್ಲಿ ನೀರಿನ ಪ್ರಾಣಿಯನ್ನು ನೆಲದ ಪ್ರಾಣಿ ಮಾಡುವುದು. 1912ರಲ್ಲಿ ಗುಡರ್ನಾಟ್ಶ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ತಿನ್ನಿಸಿದಾಗ ಅವು ಕಾಲಕ್ಕೆ ಮೊದಲೇ ಪುಟ್ಟ ಪುಟ್ಟ ಕಪ್ಪೆಗಳಾದವು. ರೂಪಾಂತರದಲ್ಲಿ ಥೈರಾಯ್ಡಿನ ಕೈವಾಡ ಜಗತ್ತಿಗೆ ತಿಳಿದದ್ದು ಆಗ.

ಒಂದೇ ಹಾರ್ಮೋನು ಮೈಯ ಒಂದೊಂದು ಭಾಗಕ್ಕೆ ಒಂದೊಂದು ಆದೇಶ ಕೊಡುತ್ತದೆ. ಕಿವಿರು ಕುಗ್ಗುತ್ತದೆ, ಅದರ ಸಂದು ಮುಚ್ಚುತ್ತದೆ. ಬಾಲದ ಮೇಲಿನ ತೆಳು ರೆಕ್ಕೆ ಕರಗುತ್ತದೆ. ಕಣ್ಣಿಗೆ ರೆಪ್ಪೆ ಬರುತ್ತದೆ. ಚರ್ಮ ದಪ್ಪಗಾಗಿ ಒರಟಾಗುತ್ತದೆ. ನೀರು ಎಳೆದು ನುಂಗುತ್ತಿದ್ದ ಬಾಯಿಯ ಒಳರಚನೆ ಬದಲಾಗಿ, ನಾಲಿಗೆಯಿಂದ ಹುಳು ಹಿಡಿಯುವ ಬಾಯಿ ಆಗುತ್ತದೆ. ಇಷ್ಟೆಲ್ಲ ಕೆಲಸ ನಡೆಯುವಾಗ ಮರಿ ಊಟ ಕಡಿಮೆ ಮಾಡುತ್ತದೆ, ಕೆಲವು ದಿನ ಬಿಟ್ಟೇಬಿಡುತ್ತದೆ. ಕಾಯಿಲೆಯೇನೋ ಎಂದು ಗಾಬರಿಯಾಗಿ ಔಷಧ ಹಾಕಬೇಡಿ.

ಸಾಕುವವರು ನೋಡಬೇಕಾದ ಗುರುತು ಇಷ್ಟು: ಕಿವಿರಿನ ಗರಿ ಮೋಟಾಗಿ ಬರೀ ಬುಡ ಉಳಿಯುವುದು, ಬಾಲ ಸಪೂರವಾಗುವುದು, ಮರಿ ಪದೇ ಪದೇ ಮೇಲೆ ಬಂದು ಗಾಳಿ ಗುಟುಕಿಸುವುದು. ಇವು ಕಂಡ ದಿನವೇ ದಡ ಒದಗಿಸಬೇಕು. ಹುಟ್ಟಿದಾಗಿನಿಂದ ನೀರಲ್ಲೇ ಇದ್ದ ಪ್ರಾಣಿ ಈಗ ನೀರಲ್ಲಿ ಮುಳುಗಿ ಸಾಯಬಹುದು. ನೀರಿನ ಮಟ್ಟ ಇಳಿಸಿ, ಇಳಿಜಾರಾಗಿ ಒಂದು ಮರದ ತೊಗಟೆ ಇಡಿ, ತೇಲುವ ಗಿಡ ಅಥವಾ ಜಾವಾ ಮಾಸ್ ಎಂಬ ಹಾವಸೆಯ ಗುಪ್ಪೆ ನೀರಿನಿಂದ ಮೇಲೇಳುವಷ್ಟು ಹಾಕಿ.

ಮುಚ್ಚಳ ಬೇಕೇ ಬೇಕು. ಒದ್ದೆ ಗಾಜಿಗೆ ಹೊಟ್ಟೆ ಅಂಟಿಸಿಕೊಂಡು ಇವು ನೇರ ಮೇಲಕ್ಕೆ ಹತ್ತುತ್ತವೆ. ಬೆಳಿಗ್ಗೆ ಎಣಿಸಿದಾಗ ಒಂದು ಕಡಿಮೆ ಬಂದರೆ ಸೋಫಾದ ಕೆಳಗೆ, ದೂಳಿನ ನಡುವೆ ಹುಡುಕಬೇಕಾಗುತ್ತದೆ. ಆ ಹೊತ್ತಿಗೆ ಅದು ಒಣಗಿರುತ್ತದೆ.

ಹಾಗಾದರೆ ಆಕ್ಸೊಲಾಟಲ್ ಯಾಕೆ ಬದಲಾಗುವುದಿಲ್ಲ? ಅದು ಮೆಕ್ಸಿಕೊದ ಸಾಲಮಾಂಡರ್, ನ್ಯೂಟ್ ಅಲ್ಲ. ಅದರ ಮೈಯಲ್ಲಿ ಈ ಹಾರ್ಮೋನು ರೂಪಾಂತರಕ್ಕೆ ಸಾಲುವಷ್ಟು ಏರುವುದೇ ಇಲ್ಲ. ಕಿವಿರು ಇಟ್ಟುಕೊಂಡೇ ದೊಡ್ಡದಾಗಿ, ಹಾಗೇ ಮರಿಯನ್ನೂ ಮಾಡುತ್ತದೆ. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಒಗ್ಯುಸ್ಟ್ ದುಮೆರಿಲ್ ಸಾಕಿದ್ದ ಆಕ್ಸೊಲಾಟಲ್‌ಗಳ ಮರಿಗಳಲ್ಲಿ ಕೆಲವು ಇದ್ದಕ್ಕಿದ್ದಂತೆ ಕಿವಿರು ಕಳೆದುಕೊಂಡು ನೆಲಕ್ಕೆ ಬಂದಾಗ ವಿಜ್ಞಾನಿಗಳೇ ತಬ್ಬಿಬ್ಬಾದರು. ಅಲ್ಲಿಯವರೆಗೆ ಅದೇ ಪೂರ್ತಿ ಬೆಳೆದ ರೂಪವೋ ಅಲ್ಲವೋ ಎಂಬ ವಾದವೇ ಮುಗಿದಿರಲಿಲ್ಲ. ಮನೆಯಲ್ಲಿ ಹಾರ್ಮೋನು ಕೊಟ್ಟು ಬದಲಿಸಲು ಹೋಗುವುದು ಪ್ರಾಣಿಗೆ ಹಿಂಸೆ, ಆಯಸ್ಸೂ ಕಡಿಮೆಯಾಗುತ್ತದೆ.

## ನೆಲದ ಮೇಲಿನ ಮೊದಲ ದಿನಗಳು

ಹೊಸದಾಗಿ ನೆಲಕ್ಕೆ ಬಂದ ನ್ಯೂಟ್ ನಿಮ್ಮ ಕಿರುಬೆರಳಿಗಿಂತ ಚಿಕ್ಕದು. ನೀರಿನಿಂದ ದೂರ ಹೋಗಲು ನೋಡುತ್ತದೆ. ಮತ್ತೆ ಆಳದ ನೀರಿಗೆ ಹಾಕಿದರೆ ಒದ್ದಾಡುತ್ತದೆ. ಗಾಳಿಯಾಡಲು ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿ, ತಳಕ್ಕೆ ಒದ್ದೆ ಟಿಶ್ಯೂ ಅಥವಾ ಮಣ್ಣು, ಅಡಗಲು ತೊಗಟೆಯ ತುಂಡು. ಒಂದು ಮೂಲೆ ಚೆನ್ನಾಗಿ ಒದ್ದೆ, ಇನ್ನೊಂದು ಮೂಲೆ ಸ್ವಲ್ಪ ಒಣ ಇದ್ದರೆ ಬೇಕಾದ ಕಡೆ ಅದೇ ಹೋಗಿ ಕೂರುತ್ತದೆ. ಪೂರ್ತಿ ಜೌಗಾದರೆ ಚರ್ಮಕ್ಕೆ ಸೋಂಕು ತಗಲುತ್ತದೆ.

ಊಟದ ಸಮಸ್ಯೆ ಇಲ್ಲಿ ಮತ್ತೆ ಮೊದಲಿನಿಂದ ಶುರು. ನೀರಿನಲ್ಲಿ ಹುಳು ತಿನ್ನುತ್ತಿದ್ದ ಮರಿಗೆ ನೆಲದ ಮೇಲೆ ಬಿದ್ದಿರುವ ಹುಳು ಕಾಣಿಸುವುದೇ ಇಲ್ಲ. ಇಲ್ಲೂ ಅಲುಗಾಡುವುದು ಬೇಕು. ಮಣ್ಣಿನಲ್ಲಿ ಸಿಗುವ ಸ್ಪ್ರಿಂಗ್‌ಟೇಲ್ ಹುಳು, ಹಾರಲಾರದ ತಳಿಯ ಹಣ್ಣಿನ ನೊಣ, ಔಷಧ ಹೊಡೆಯದ ಗಿಡದ ಸಸ್ಯಹೇನು, ಸಣ್ಣಗೆ ಹೆಚ್ಚಿದ ಎರೆಹುಳುವಿನ ಇನ್ನೂ ಮಿಸುಕುವ ಚೂರು, ಇವು ನಡೆಯುತ್ತವೆ. ಸ್ಪ್ರಿಂಗ್‌ಟೇಲ್ ಮತ್ತು ಹಣ್ಣಿನ ನೊಣಗಳನ್ನು ಡಬ್ಬಿಯಲ್ಲಿ ಬೆಳೆಸಲು ವಾರಗಳು ಹಿಡಿಯುತ್ತವೆ, ಹಾಗಾಗಿ ಮರಿ ನೀರಲ್ಲಿರುವಾಗಲೇ ಶುರು ಮಾಡಿರಬೇಕು.

ಜಪಾನಿನ ನ್ಯೂಟ್ ಹೀಗೆ ನೆಲದ ಮೇಲೆ ಎರಡು ಮೂರು ವರ್ಷ ಕಳೆದು, ಬಲಿತ ಮೇಲೆ ನೀರಿಗೆ ಹಿಂದಿರುಗುತ್ತದೆ. ಅಮೆರಿಕದ ಪೂರ್ವ ಭಾಗದ ಕೆಂಪು ಚುಕ್ಕೆಯ ನ್ಯೂಟ್ ಕೂಡ ಕಿತ್ತಳೆ ಬಣ್ಣದಲ್ಲಿ ವರ್ಷಗಟ್ಟಲೆ ಕಾಡಿನಲ್ಲಿ ಅಲೆಯುತ್ತದೆ. ಸ್ಪೇನ್, ಪೋರ್ಚುಗಲ್, ಮೊರಾಕ್ಕೊದ ಪಕ್ಕೆಲುಬಿನ ನ್ಯೂಟ್ ಮಾತ್ರ ಈ ಗೋಜಿಗೇ ಹೋಗುವುದಿಲ್ಲ. ಕಿವಿರು ಹೋದ ಮೇಲೂ ಆರಾಮಾಗಿ ನೀರಿನಲ್ಲೇ ಉಳಿಯುತ್ತದೆ, ಕೊಟ್ಟದ್ದು ತಿನ್ನುತ್ತದೆ. ಮೊದಲ ಸಲ ಸಾಕುವವರಿಗೆ ನನ್ನ ಆಯ್ಕೆ ಇದೇ.

ಮನೆಯಲ್ಲಿ ಬೆಳೆದ ಜಪಾನಿ ನ್ಯೂಟ್‌ನ ಹೊಟ್ಟೆ ಕೆಂಪಾಗದೆ ಹಳದಿಯಾಗಿ ಉಳಿದರೆ ಹೆದರಬೇಡಿ. ಆ ಕೆಂಪು ಬರುವುದು ಆಹಾರದಲ್ಲಿರುವ ಕೆರೊಟಿನಾಯ್ಡ್ ಎಂಬ ಬಣ್ಣದ ವಸ್ತುಗಳಿಂದ. ಕಾಡಿನಲ್ಲಿ ಸಿಗುವಷ್ಟು ಅದು ಡಬ್ಬಿಯೊಳಗೆ ಸಿಗುವುದಿಲ್ಲ.

## ಜಾಸ್ತಿ ಮರಿಯಾದರೆ ಕೆರೆಗೆ ಬಿಡಬಹುದೇ?

ಬಿಡಬಾರದು. ನೆದರ್‌ಲೆಂಡ್ಸ್‌ನ ಕಾಡಿನಲ್ಲಿ 2010ರ ಆಸುಪಾಸಿನಿಂದ ಫೈರ್ ಸಾಲಮಾಂಡರ್‌ಗಳು ಒಮ್ಮೆಲೇ ಸಾಯತೊಡಗಿದವು. ಚರ್ಮವನ್ನು ತಿನ್ನುವ ಒಂದು ಹೊಸ ಶಿಲೀಂಧ್ರ ಕಾರಣ ಎಂದು 2013ರಲ್ಲಿ ಗೊತ್ತಾಯಿತು. ಅದರ ಮೂಲ ಏಷ್ಯಾ. ಏಷ್ಯಾದ ಕೆಲವು ನ್ಯೂಟ್‌ಗಳು ಅದನ್ನು ಹೊತ್ತುಕೊಂಡೂ ಬದುಕಬಲ್ಲವು, ಯುರೋಪಿನವು ಸಾಯುತ್ತವೆ. ಸಾಕುಪ್ರಾಣಿಗಳ ವ್ಯಾಪಾರದ ಜತೆ ಅದು ಯುರೋಪಿಗೆ ಬಂದಿರಬೇಕೆಂಬುದು ವಿಜ್ಞಾನಿಗಳ ತೀರ್ಮಾನ. ಇದೇ ಭಯದಿಂದ ಅಮೆರಿಕ 2016ರ ಜನವರಿಯಲ್ಲಿ 201 ಜಾತಿಯ ಸಾಲಮಾಂಡರ್‌ಗಳ ಆಮದು ನಿಲ್ಲಿಸಿತು. ಜಪಾನಿನ ಕೆಂಪು ಹೊಟ್ಟೆಯ ನ್ಯೂಟ್ ಕೂಡ ಆ ಪಟ್ಟಿಯಲ್ಲಿದೆ. ತೊಟ್ಟಿಯ ಹಳೆ ನೀರನ್ನು ತೋಟಕ್ಕೋ ಹಳ್ಳಕ್ಕೋ ಚೆಲ್ಲದೆ, ಬ್ಲೀಚ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಬಚ್ಚಲಿಗೆ ಸುರಿಯಿರಿ.

ತದ್ವಿರುದ್ಧವಾಗಿ, ಕೆರೆಯಿಂದ ಮೊಟ್ಟೆ ಮನೆಗೆ ತರುವುದಕ್ಕೂ ಕಾನೂನಿದೆ. ಬ್ರಿಟನ್ನಿನಲ್ಲಿ ಜುಟ್ಟಿನ ನ್ಯೂಟ್‌ಗೆ 1981ರಿಂದಲೂ ಕಾನೂನಿನ ರಕ್ಷಣೆ ಇದೆ, ಅದರ ಮೊಟ್ಟೆ ತೆಗೆಯುವುದೂ ಅಪರಾಧ. ಜರ್ಮನಿಯಲ್ಲಿ ಅಲ್ಲಿನ ಎಲ್ಲ ಉಭಯಚರಗಳಿಗೂ ರಕ್ಷಣೆ ಇದೆ. ಭಾರತದ ಹಿಮಾಲಯದ ನ್ಯೂಟ್‌ಗಳನ್ನು ಹಿಡಿಯುವಂತಿಲ್ಲ, ಸಾಕುವಂತಿಲ್ಲ. ಬೆಂಗಳೂರಿನಲ್ಲಿ ಕೂತು ಆಕ್ಸೊಲಾಟಲ್ ಕೊಳ್ಳುವವರಿಗೂ ಒಂದು ಕೆಲಸ ಇದೆ. ಅದು ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧದ ಪಟ್ಟಿಯಲ್ಲಿರುವ ಪ್ರಾಣಿ. 2024ರ ನಿಯಮದ ಪ್ರಕಾರ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿಯಾದರೆ ಅದನ್ನೂ ತಿಳಿಸಬೇಕು, ಬೇರೆಯವರಿಗೆ ಕೊಟ್ಟರೆ ಅದನ್ನೂ. ಮಾರುವವರ ಹತ್ತಿರ ಈ ಕಾಗದ ಇದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ.